ಮನಸ್ಸಿನ ಬಾಗಿಲು ಮತ್ತು ಅರಮನೆಯ ಚಾಟಿ: ಮಿಹ್ನಾದ ಚರಿತ್ರೆ ಕಲಿಸುವ ಪಾಠ

ಹಿಜರಿ 218, ಅಂದರೆ ಕ್ರಿ.ಶ. 833. ಬಗ್ದಾದಿನ ಆಡಳಿತಾಧಿಕಾರಿ ಇಸ್‌ಹಾಕ್ ಬಿನ್ ಇಬ್ರಾಹೀಮನಿಗೆ ಖಲೀಫಾ ಮಾಮೂನನ ಪತ್ರವೊಂದು ತಲುಪಿತು. ಮಾಮೂನನು ಆಗ ರಾಜಧಾನಿಯಲ್ಲಿರಲಿಲ್ಲ; ಬೈಝಾಂಟೈನ್ ಗಡಿಯ ದಂಡಯಾತ್ರೆಯಲ್ಲಿದ್ದನು. ಪತ್ರದಲ್ಲಿ ತೆರಿಗೆಯ ಪ್ರಸ್ತಾಪವಿರಲಿಲ್ಲ, ಸೇನೆಗೆ ಜನರನ್ನು ಕೇಳಿರಲಿಲ್ಲ, ಯಾವ ದಂಗೆಯ ಸುಳಿವೂ ಇರಲಿಲ್ಲ. ಬಗ್ದಾದಿನ ಖಾಝಿಗಳನ್ನು ಕರೆಸಿ ಅವರಲ್ಲಿ ಒಂದು ಪ್ರಶ್ನೆಯನ್ನು ಕೇಳಬೇಕೆಂಬುದಷ್ಟೇ ಅದರ ಆದೇಶ. ಪವಿತ್ರ ಕುರ್‌ಆನ್ ಸೃಷ್ಟಿಸಲ್ಪಟ್ಟುದು ಎಂದು ಅವರು ಒಪ್ಪುತ್ತಾರೆಯೇ? ಒಪ್ಪುವವರು ಹುದ್ದೆಯಲ್ಲಿ ಉಳಿಯಬಹುದು. ಒಪ್ಪದವರ ತೀರ್ಪಿಗೂ ಬೆಲೆಯಿಲ್ಲ, ಸಾಕ್ಷ್ಯಕ್ಕೂ ಬೆಲೆಯಿಲ್ಲ.

ಇಸ್ಲಾಮೀ ಚರಿತ್ರೆಯಲ್ಲಿ ‘ಮಿಹ್ನಾ’ ಎಂದು, ಅಂದರೆ ‘ಪರೀಕ್ಷೆ’ ಎಂದು ಪ್ರಸಿದ್ಧವಾದ ಅಧ್ಯಾಯವು ಹೀಗೆ ಆರಂಭವಾಯಿತು. ಸುಮಾರು ಹದಿನೈದು ವರ್ಷಗಳ ಕಾಲ, ಮೂವರು ಖಲೀಫರ ಆಳ್ವಿಕೆಯಲ್ಲಿ ಅದು ನಡೆಯಿತು. ಈ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಇಮಾಮ್ ಅಹ್ಮದ್ ಬಿನ್ ಹಂಬಲ್(ರಹ್)ರ ಸಹನೆಯ ಕಥೆಯಾಗಿ ಕೇಳಿದ್ದೇವೆ. ಮಕ್ಕಳಿಗೂ ಹಾಗೆಯೇ ಹೇಳಿದ್ದೇವೆ. ಅದು ಸರಿಯೇ. ಆದರೆ ಅದರೊಳಗೆ ಇನ್ನೊಂದು ಪ್ರಶ್ನೆಯೂ ಅಡಗಿದೆ. ಆಳುವವರ ಅಧಿಕಾರ ಎಲ್ಲಿಯವರೆಗೆ ಸಲ್ಲುತ್ತದೆ? ಒಬ್ಬ ಮನುಷ್ಯನ ವಿಶ್ವಾಸವನ್ನು ವಿಚಾರಣೆಗೆ ಗುರಿಪಡಿಸುವ ಹಕ್ಕು ಯಾವುದೇ ಸರಕಾರಕ್ಕೆ ಇದೆಯೇ? ಆ ಸರಕಾರವು ನಮ್ಮ ಅಭಿಪ್ರಾಯವನ್ನೇ ಜಾರಿಗೊಳಿಸುವುದಾದರೆ ನಮ್ಮ ಉತ್ತರ ಬದಲಾಗಬೇಕೇ? ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದುದು.

ಮೊದಲು ಮಾಮೂನನನ್ನು ಅರಿತುಕೊಳ್ಳೋಣ. ಅವನು ಅಕ್ಷರದ್ವೇಷಿಯಾಗಿರಲಿಲ್ಲ. ಗ್ರೀಕ್ ಭಾಷೆಯ ಗ್ರಂಥಗಳನ್ನು ಅರಬೀ ಭಾಷೆಗೆ ತರುವ ಮಹತ್ಕಾರ್ಯಕ್ಕೆ ಪ್ರೋತ್ಸಾಹ ನೀಡಿದವನು, ಖಗೋಳಶಾಸ್ತ್ರಜ್ಞರನ್ನೂ ಗಣಿತಜ್ಞರನ್ನೂ ಪೋಷಿಸಿದವನು, ತನ್ನ ಸಭೆಯಲ್ಲಿ ಭಿನ್ನ ಮತಗಳ ಪಂಡಿತರ ಚರ್ಚೆಯನ್ನು ಆಸಕ್ತಿಯಿಂದ ಆಲಿಸಿದವನು. ಅವನು ಮೆಚ್ಚಿಕೊಂಡಿದ್ದ ಮುಅ್‌ತಝಿಲಾ ಪಂಥದವರಾದರೋ ಬುದ್ಧಿಗೆ ಮನ್ನಣೆ ನೀಡುವವರು. ಮನುಷ್ಯನು ತನ್ನ ಕರ್ಮಗಳನ್ನು ಸ್ವತಂತ್ರವಾಗಿ ಆಯ್ದುಕೊಳ್ಳುತ್ತಾನೆ ಎಂದು ವಾದಿಸಿದವರು. ಅಲ್ಲಾಹನ ಏಕತ್ವಕ್ಕೆ ಯಾವ ಕುಂದೂ ಬರಬಾರದು, ಅನಾದಿಯಾದ ಮತ್ತೊಂದು ವಸ್ತುವನ್ನು ಒಪ್ಪಬಾರದು ಎಂಬ ಕಾಳಜಿಯಿಂದಲೇ ಅವರು ಕುರ್‌ಆನನ್ನು ಸೃಷ್ಟಿಯೆಂದು ಹೇಳಿದರು. ಹದೀಸ್ ವಿದ್ವಾಂಸರಾದರೋ ಕುರ್‌ಆನ್ ಅಲ್ಲಾಹನ ವಚನ, ಅವನ ವಚನವನ್ನು ಸೃಷ್ಟಿಯೆನ್ನುವುದು ಸಲ್ಲದು ಎಂದು ನಂಬಿದ್ದರು. ಇದು ವಿದ್ವಾಂಸರ ನಡುವೆ ಮಸೀದಿಯ ಕಂಬಗಳ ಬಳಿ, ಗ್ರಂಥಗಳ ಪುಟಗಳಲ್ಲಿ ನಡೆಯಬೇಕಾದ ವಾದವಾಗಿತ್ತು. ಮಾಮೂನನು ಅದನ್ನು ಅಧಿಕಾರಿಯ ಕಚೇರಿಗೆ ತಂದನು. ಬುದ್ಧಿಯನ್ನೂ ಆಯ್ಕೆಯ ಸ್ವಾತಂತ್ರ್ಯವನ್ನೂ ಎತ್ತಿ ಹಿಡಿದವರ ಸಿದ್ಧಾಂತವನ್ನೇ ಸಂಕೋಲೆಯ ಬಲದಿಂದ ಸ್ಥಾಪಿಸಲು ಹೊರಟದ್ದು ಚರಿತ್ರೆಯ ದೊಡ್ಡ ವಿಪರ್ಯಾಸಗಳಲ್ಲಿ ಒಂದು.

ಇಮಾಮ್ ತಬರಿ(ರಹ್)ಯವರು ತಮ್ಮ ಇತಿಹಾಸ ಗ್ರಂಥದಲ್ಲಿ ಮಾಮೂನನ ಈ ಪತ್ರಗಳನ್ನು ಉಳಿಸಿಕೊಟ್ಟಿದ್ದಾರೆ. ಅವುಗಳ ತರ್ಕ ಗಮನಾರ್ಹವಾಗಿದೆ. ಜನಸಾಮಾನ್ಯರು ಅಜ್ಞಾನಿಗಳು, ಅವರಿಗೆ ಸ್ವತಃ ಸತ್ಯವನ್ನು ಕಂಡುಕೊಳ್ಳುವ ಶಕ್ತಿಯಿಲ್ಲ, ಧರ್ಮವನ್ನು ಕಾಪಾಡುವ ಹೊಣೆಯನ್ನು ಅಲ್ಲಾಹನು ಖಲೀಫನಿಗೆ ವಹಿಸಿದ್ದಾನೆ, ಆದ್ದರಿಂದ ಅವರನ್ನು ತಿದ್ದುವುದು ತನ್ನ ಕರ್ತವ್ಯ ಎಂಬುದು ಅದರ ಸಾರ. ಜನರ ಹಿತದ ಹೆಸರಿನಲ್ಲೇ ಜನರ ಮನಸ್ಸನ್ನು ವಶಪಡಿಸಿಕೊಳ್ಳುವ ಈ ಮಾತು ಒಂದು ಕಾಲಕ್ಕೂ ಒಂದು ದೇಶಕ್ಕೂ ಸೀಮಿತವಾದುದಲ್ಲ.

ಪರೀಕ್ಷೆಯು ಹಂತಹಂತವಾಗಿ ಬಿಗಿಯಾಯಿತು. ಮೊದಲು ಖಾಝಿಗಳು ಮತ್ತು ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವವರು. ಬಳಿಕ ಪ್ರಸಿದ್ಧ ಹದೀಸ್ ವಿದ್ವಾಂಸರಲ್ಲಿ ಏಳು ಮಂದಿಯನ್ನು ಖಲೀಫನ ಸಮ್ಮುಖಕ್ಕೇ ಕರೆಸಿಕೊಳ್ಳಲಾಯಿತು. ಯಹ್ಯಾ ಬಿನ್ ಮಈನ್, ಇಬ್ನು ಸಅದ್‌ರಂತಹ ಗಣ್ಯರು ಅವರಲ್ಲಿದ್ದರು. ಏಳೂ ಮಂದಿ ಒಪ್ಪಿಕೊಂಡರು. ಆ ಒಪ್ಪಿಗೆಯನ್ನು ಬಗ್ದಾದಿನಲ್ಲಿ ಸಾರಲಾಯಿತು. ನಂತರ ಇಸ್‌ಹಾಕನು ಸುಮಾರು ಎರಡು ಡಜನ್ ವಿದ್ವಾಂಸರನ್ನು ಒಟ್ಟಿಗೆ ಕರೆಸಿ ಪತ್ರವನ್ನು ಓದಿ ಹೇಳಿ, ಒಬ್ಬೊಬ್ಬರನ್ನಾಗಿ ಪ್ರಶ್ನಿಸಿದನು. ಕೆಲವರು ಜಾರಿಕೊಳ್ಳುವ ಉತ್ತರ ನೀಡಿದರು. ಇಮಾಮ್ ಅಹ್ಮದ್(ರಹ್)ರ ಉತ್ತರ ಚಿಕ್ಕದಾಗಿತ್ತು: ಅದು ಅಲ್ಲಾಹನ ವಚನ, ಇದಕ್ಕಿಂತ ಹೆಚ್ಚೇನನ್ನೂ ತಾವು ಹೇಳುವುದಿಲ್ಲ.

ಉತ್ತರಗಳನ್ನು ಬರೆದುಕೊಂಡು ಖಲೀಫನಿಗೆ ಕಳುಹಿಸಲಾಯಿತು. ಮರಳಿ ಬಂದ ಪತ್ರದಲ್ಲಿ ನಿಂದೆಯೂ ಬೆದರಿಕೆಯೂ ತುಂಬಿದ್ದವು. ಕೆಲವರ ತಲೆ ಕಡಿಯುವ ಮಾತೂ ಇತ್ತು. ಅಷ್ಟರಲ್ಲಿ ಸಭೆಯೇ ಕರಗಿತು. ನಾಲ್ವರ ಹೊರತು ಉಳಿದವರೆಲ್ಲರೂ ಒಪ್ಪಿದರು. ಆ ನಾಲ್ವರಿಗೆ ಸಂಕೋಲೆ ತೊಡಿಸಲಾಯಿತು. ಮರುದಿನ ಒಬ್ಬರು, ಅದರ ಮರುದಿನ ಇನ್ನೊಬ್ಬರು ಒಪ್ಪಿಕೊಂಡರು. ಕೊನೆಗೆ ಉಳಿದವರು ಇಬ್ಬರೇ: ಇಮಾಮ್ ಅಹ್ಮದ್ ಬಿನ್ ಹಂಬಲ್ ಮತ್ತು ಯುವಕರಾಗಿದ್ದ ಮುಹಮ್ಮದ್ ಬಿನ್ ನೂಹ್(ರಹ್).

ಒಪ್ಪಿಕೊಂಡವರನ್ನು ಹಳಿಯಲು ನಮಗೆ ಹಕ್ಕಿಲ್ಲ. ಹೃದಯವು ವಿಶ್ವಾಸದಲ್ಲಿ ನೆಮ್ಮದಿಯಿಂದಿರುವಾಗ ಬಲಾತ್ಕಾರಕ್ಕೊಳಗಾಗಿ ನಾಲಿಗೆಯಿಂದ ಬೇರೆ ಮಾತು ಹೊರಟರೆ ಅಂಥವನ ಮೇಲೆ ದೋಷವಿಲ್ಲವೆಂದು ಪವಿತ್ರ ಕುರ್‌ಆನ್ (16:106) ಸ್ಪಷ್ಟಪಡಿಸಿದೆ. ಅವರಿಗೂ ಹೆಂಡತಿ ಮಕ್ಕಳಿದ್ದರು, ಬದುಕಿನ ಹೊರೆಯಿತ್ತು. ಇಮಾಮ್ ಅಹ್ಮದ್(ರಹ್)ರು ಮಾತ್ರ ಅವರ ವಿಷಯದಲ್ಲಿ ಕಠಿಣರಾಗಿದ್ದರು. ವಿದ್ವಾಂಸರೇ ಮೌನವಾದರೆ ಜನರು ಸತ್ಯವನ್ನು ಯಾರಿಂದ ತಿಳಿಯಬೇಕು ಎಂಬ ನೋವು ಅವರದಾಗಿತ್ತು. ಆದರೆ ಇಲ್ಲಿ ನಮ್ಮ ಆಕ್ಷೇಪ ಸಲ್ಲಬೇಕಾದುದು ಬೆದರಿದವರ ಮೇಲಲ್ಲ, ಬೆದರಿಸಿದವರ ಮೇಲೆ. ಪ್ರಾಮಾಣಿಕ ಮನುಷ್ಯರನ್ನು ಸುಳ್ಳು ನುಡಿಯುವಂತೆ ಮಾಡಿದ ಆಡಳಿತವು ಧರ್ಮಕ್ಕೆ ಯಾವ ಸೇವೆಯನ್ನು ಸಲ್ಲಿಸಿದಂತಾಯಿತು?

ಅವರಿಬ್ಬರನ್ನೂ ಸಂಕೋಲೆ ಸಮೇತ ತರ್ಸೂಸಿನ ಕಡೆಗೆ ಸಾಗಿಸಲಾಯಿತು. ದಾರಿಯಲ್ಲಿರುವಾಗಲೇ ಮಾಮೂನನ ಮರಣವಾರ್ತೆ ಬಂತು. ಅವರನ್ನು ಹಿಂದಕ್ಕೆ ಕಳುಹಿಸಲಾಯಿತು. ಮರಳುವ ಹಾದಿಯಲ್ಲಿ, ಯೂಫ್ರೆಟಿಸ್ ತೀರದ ಆನಾ ಎಂಬಲ್ಲಿ ಮುಹಮ್ಮದ್ ಬಿನ್ ನೂಹ್ ಅಸ್ವಸ್ಥರಾಗಿ ತೀರಿಕೊಂಡರು. ಅವರ ಜನಾಝ ನಮಾಝನ್ನು ಇಮಾಮರೇ ನಿರ್ವಹಿಸಿದರು. ಅಲ್ಲಿಂದ ಮುಂದೆ ಅವರು ಒಂಟಿ.

ಮಾಮೂನನು ಸಾಯುವ ಮುನ್ನ ತನ್ನ ನೀತಿಯನ್ನು ಮುಂದುವರಿಸುವಂತೆ ಸಹೋದರ ಮುಅ್‌ತಸಿಮನಿಗೆ ಉಪದೇಶಿಸಿದ್ದನು. ಮುಅ್‌ತಸಿಮನು ಸೈನಿಕ ಸ್ವಭಾವದವನು. ತತ್ವಚರ್ಚೆಯಲ್ಲಿ ಅವನಿಗೆ ಅಣ್ಣನಷ್ಟು ಆಸಕ್ತಿಯಿರಲಿಲ್ಲ. ಆದರೆ ಒಮ್ಮೆ ಹೊರಡಿಸಿದ ಆದೇಶವನ್ನು ಹಿಂತೆಗೆದರೆ ಅಧಿಕಾರಕ್ಕೆ ಅವಮಾನ ಎಂಬ ಭಾವನೆ ಆಳುವವರನ್ನು ಕಟ್ಟಿಹಾಕುತ್ತದೆ. ಪ್ರಧಾನ ಖಾಝಿ ಅಹ್ಮದ್ ಬಿನ್ ಅಬೀ ದುಆದ್‌ನ ಸಮ್ಮುಖದಲ್ಲಿ ದಿನಗಟ್ಟಲೆ ವಾದ ನಡೆಯಿತು. ಅಲ್ಲಾಹನ ಗ್ರಂಥದಿಂದ ಅಥವಾ ಪ್ರವಾದಿ(ಸ)ಯವರ ಸುನ್ನತ್ತಿನಿಂದ ಒಂದು ಆಧಾರವನ್ನು ಕೊಡಿ, ಒಪ್ಪುತ್ತೇನೆ ಎಂದು ಇಮಾಮರು ಮತ್ತೆ ಮತ್ತೆ ಕೇಳಿದರು. ಆಧಾರಕ್ಕೆ ಬದಲು ಚಾಟಿ ಬಂತು. ಪ್ರಜ್ಞೆ ತಪ್ಪುವವರೆಗೂ ಅವರನ್ನು ಹೊಡೆಯಲಾಯಿತು. ಹೊರಗೆ ಜನರು ಸೇರುತ್ತಿರುವುದನ್ನು ಕಂಡು, ಅವರು ಅಲ್ಲಿಯೇ ಮೃತರಾದರೆ ನಗರವು ದಂಗೆಯೇಳಬಹುದೆಂಬ ಅಂಜಿಕೆಯೂ ಸೇರಿ, ಕೊನೆಗೆ ಅವರನ್ನು ಮನೆಗೆ ಕಳುಹಿಸಲಾಯಿತು. ಒಟ್ಟು ಸುಮಾರು 28 ತಿಂಗಳ ಸೆರೆವಾಸ.

ಇಲ್ಲಿಗೆ ಅದು ಮುಗಿಯಲಿಲ್ಲ. ಕ್ರಿ.ಶ. 842ರಲ್ಲಿ ಅಧಿಕಾರಕ್ಕೆ ಬಂದ ವಾಸಿಕ್ ಇನ್ನಷ್ಟು ಕಠಿಣನಾದನು. ಇಮಾಮ್ ಶಾಫಿಈ(ರಹ್)ಯವರ ಪ್ರಮುಖ ಶಿಷ್ಯ ಬುವೈತೀ(ರಹ್)ಯವರನ್ನು ಈಜಿಪ್ಟಿನಿಂದ ಸಂಕೋಲೆಯಲ್ಲಿ ಬಗ್ದಾದಿಗೆ ತರಲಾಯಿತು. ಅವರು ಸೆರೆಮನೆಯಲ್ಲೇ ಮರಣ ಹೊಂದಿದರು. ಹಿಜರಿ 231ರಲ್ಲಿ ಗಡಿಯ ಲಾಮಿಸ್ ನದಿಯ ಬಳಿ ಬೈಝಾಂಟೈನರೊಂದಿಗೆ ಸೆರೆಯಾಳುಗಳ ವಿನಿಮಯ ನಡೆದಾಗ, ಬಿಡುಗಡೆಗಾಗಿ ವರ್ಷಗಳಿಂದ ಕಾದಿದ್ದ ಮುಸ್ಲಿಮ್ ಸೆರೆಯಾಳುಗಳಲ್ಲಿಯೂ ಅದೇ ಪ್ರಶ್ನೆಯನ್ನು ಕೇಳಲಾಯಿತು. ಒಪ್ಪಿದವರನ್ನು ಬಿಡಿಸಿಕೊಳ್ಳಲಾಯಿತು, ಒಪ್ಪದವರನ್ನು ಶತ್ರುಗಳ ವಶದಲ್ಲೇ ಬಿಡಲಾಯಿತು. ಪ್ರಜೆಯನ್ನು ಸೆರೆಯಿಂದ ಬಿಡಿಸಿಕೊಳ್ಳುವುದು ಆಡಳಿತದ ಮೊದಲ ಕರ್ತವ್ಯಗಳಲ್ಲೊಂದು. ಮಾಡಬೇಕಾದುದನ್ನು ಕೈಬಿಟ್ಟು ಮಾಡಬಾರದುದಕ್ಕೆ ಕೈಹಾಕಿದ ಆಡಳಿತಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಸಿಗಲಾರದು.

ಅದೇ ವರ್ಷ ಅಹ್ಮದ್ ಬಿನ್ ನಸ್ರ್ ಅಲ್ ಖುಝಾಈ(ರಹ್)ಯವರನ್ನು ದಂಗೆಯ ಸಂಚಿನ ಆರೋಪದ ಮೇಲೆ ಬಂಧಿಸಲಾಯಿತು. ಆದರೆ ವಿಚಾರಣೆಯಲ್ಲಿ ವಾಸಿಕ್ ಕೇಳಿದ್ದು ದಂಗೆಯ ವಿಷಯವನ್ನಲ್ಲ, ಕುರ್‌ಆನಿನ ವಿಷಯವನ್ನು. ಅವರು ಮಣಿಯಲಿಲ್ಲ. ಖಲೀಫನು ತಾನೇ ಖಡ್ಗವನ್ನೆತ್ತಿದನು. ಅವರ ಶಿರಸ್ಸು ಬಗ್ದಾದಿನಲ್ಲಿಯೂ ದೇಹವು ಸಾಮರ್ರಾದಲ್ಲಿಯೂ ವರ್ಷಗಟ್ಟಲೆ ತೂಗಾಡಿದವು.

ಈ ದಿನಗಳಲ್ಲಿಯೇ ಬಗ್ದಾದಿನ ಕೆಲವು ಧರ್ಮಪಂಡಿತರು ಇಮಾಮ್ ಅಹ್ಮದ್(ರಹ್)ರ ಬಳಿಗೆ ಬಂದು, ವಾಸಿಕನ ಆಡಳಿತವನ್ನು ತಾವಿನ್ನು ಒಪ್ಪುವುದಿಲ್ಲವೆಂದರು. ಇಮಾಮರು ಅವರನ್ನು ತಡೆದರು. ರಕ್ತಪಾತವಾಗಬಾರದು, ಮನಸ್ಸಿನಲ್ಲಿ ನಿರಾಕರಿಸಿ ಸಹನೆಯಿಂದಿರಿ ಎಂದರು. ಚಾಟಿಯ ಗಾಯಗಳನ್ನು ಹೊತ್ತವರೇ ಆಡಿದ ಮಾತಿದು. ಅಧಿಕಾರವನ್ನು ಕಿತ್ತುಕೊಳ್ಳುವ ಆಸೆ ಅವರಿಗಿರಲಿಲ್ಲ. ಅಧಿಕಾರವು ತನ್ನ ಎಲ್ಲೆಯೊಳಗೆ ಇರಬೇಕೆಂಬುದಷ್ಟೇ ಅವರ ಹಟವಾಗಿತ್ತು.

ಕ್ರಿ.ಶ. 847ರಲ್ಲಿ ಮುತವಕ್ಕಿಲ್ ಖಲೀಫನಾದನು. ಒಂದೆರಡು ವರ್ಷಗಳಲ್ಲಿ ಅವನು ಈ ಪರೀಕ್ಷೆಯನ್ನು ನಿಲ್ಲಿಸಿದನು, ಹದೀಸ್ ವಿದ್ವಾಂಸರನ್ನು ಆಸ್ಥಾನಕ್ಕೆ ಆಹ್ವಾನಿಸಿದನು. ಮುಂದೆ ಇಬ್ನು ಅಬೀ ದುಆದ್‌ನ ಕುಟುಂಬವನ್ನು ಪದಚ್ಯುತಗೊಳಿಸಿ ಆಸ್ತಿಯನ್ನು ಮುಟ್ಟುಗೋಲು ಹಾಕಿಸಿದನು. ಖುಝಾಈ(ರಹ್)ಯವರ ಅವಶೇಷಗಳನ್ನು ಕುಟುಂಬಕ್ಕೆ ಒಪ್ಪಿಸಿದನು. ನಮ್ಮಲ್ಲಿ ಈ ಕಥೆಯನ್ನು ಹೇಳುವವರು ಬಹುತೇಕ ಇಲ್ಲಿಗೇ ನಿಲ್ಲಿಸುತ್ತಾರೆ. ಸತ್ಯಕ್ಕೆ ಜಯವಾಯಿತು, ಸುನ್ನತ್ ಎತ್ತಿ ಹಿಡಿಯಲ್ಪಟ್ಟಿತು ಎಂದು ಸಮಾಧಾನ ಪಡುತ್ತಾರೆ.

ನಾವು ಇನ್ನೂ ಸ್ವಲ್ಪ ದೂರ ಹೋಗಬೇಕಾಗಿದೆ. ಅದೇ ಮುತವಕ್ಕಿಲ್ ಹಿಜರಿ 235ರಲ್ಲಿ ಕ್ರೈಸ್ತರು ಮತ್ತು ಯಹೂದಿಯರು ಗುರುತಿನ ಬಣ್ಣದ ಉಡುಪು ಧರಿಸಬೇಕೆಂದು ಆದೇಶಿಸಿದನು. ಮರುವರ್ಷ ಕರ್ಬಲಾದಲ್ಲಿದ್ದ ಹ. ಹುಸೈನ್(ರ)ರ ಸಮಾಧಿಯನ್ನು ಕೆಡವಿಸಿ ಅಲ್ಲಿಗೆ ಜನರು ಹೋಗದಂತೆ ತಡೆದನು. ಇಮಾಮ್ ಅಹ್ಮದ್(ರಹ್)ರು ಕೂಡಾ ಅವನ ಶಂಕೆಯಿಂದ ಹೊರತಾಗಿರಲಿಲ್ಲ. ಹ. ಅಲೀ(ರ)ಯವರ ವಂಶದ ಒಬ್ಬರನ್ನು ಅವರು ಅಡಗಿಸಿಟ್ಟಿದ್ದಾರೆಂಬ ಚಾಡಿಮಾತಿಗೆ ಕಿವಿಗೊಟ್ಟು, ರಾತ್ರಿಯ ಹೊತ್ತು ಅವರ ಮನೆಯನ್ನು ಶೋಧಿಸಲಾಯಿತು. ಏನೂ ಸಿಗಲಿಲ್ಲ. ಯಾವ ಖಲೀಫನು ಅವರ ಅಭಿಪ್ರಾಯಕ್ಕೆ ಮನ್ನಣೆ ಕೊಟ್ಟನೋ ಅವನ ಕಾಲದಲ್ಲಿಯೇ ಅವರ ಮನೆಯ ಬಾಗಿಲು ತಟ್ಟಲ್ಪಟ್ಟಿತು.

ಚಾಟಿಯ ಗುರಿ ಬದಲಾಗಿತ್ತು. ಆದರೆ ಅದು ಇನ್ನೂ ಅರಮನೆಯ ಗೋಡೆಯಲ್ಲಿಯೇ ತೂಗುತ್ತಿತ್ತು. ತಮ್ಮ ವಿರೋಧಿಗಳ ಮೇಲೆ ಬೀಸಲ್ಪಟ್ಟಾಗ ಸಂತೋಷಪಡುವವರು, ನಾಳೆ ಅದು ತಮ್ಮ ಕಡೆಗೆ ತಿರುಗಿದಾಗ ನ್ಯಾಯವನ್ನು ಯಾವ ಬಾಯಿಂದ ಕೇಳಬೇಕು?

ಇಮಾಮರ ನಡತೆ ಇಲ್ಲಿ ನಮಗೆ ದಾರಿ ತೋರಿಸುತ್ತದೆ. ಮುತವಕ್ಕಿಲ್ ಕಳುಹಿಸಿದ ಹಣವನ್ನು ಅವರು ಮನೆಯಲ್ಲಿ ಇಟ್ಟುಕೊಳ್ಳದೆ ಬಡವರಿಗೆ ಹಂಚಿಬಿಟ್ಟರು. ಮಕ್ಕಳು ಆಸ್ಥಾನದ ಭತ್ಯೆ ಪಡೆದದ್ದು ಅವರಿಗೆ ಬೇಸರ ತಂದಿತು. ತಮ್ಮನ್ನು ಹೊಡೆಸಿದ ಮುಅ್‌ತಸಿಮನನ್ನು ಅವರು ಕ್ಷಮಿಸಿದ್ದರು. ಶಿಕ್ಷೆಯ ದಿನಗಳಿಗಿಂತ ಸನ್ಮಾನದ ದಿನಗಳನ್ನೇ ಅವರು ಹೆಚ್ಚಿನ ಪರೀಕ್ಷೆಯೆಂದು ಕಂಡರು. ಹಾಗೆಂದು ಅವರನ್ನು ಇಂದಿನ ಪರಿಭಾಷೆಯಲ್ಲಿ ಉದಾರವಾದಿಯೆಂದು ಬಣ್ಣಿಸುವುದು ಸತ್ಯಕ್ಕೆ ಅಪಚಾರವಾದೀತು. ತಪ್ಪು ವಿಶ್ವಾಸವೆಂದು ತಾವು ತಿಳಿದುದರ ಬಗ್ಗೆ ಅವರು ಕಟುವಾಗಿದ್ದರು. ಅಂಥವರೊಂದಿಗೆ ಬೆರೆಯುವುದನ್ನೂ ನಿರಾಕರಿಸಿದ್ದರು. ಆದರೆ ಅದು ಒಬ್ಬ ವಿದ್ವಾಂಸನ ನಿಲುವು. ಅದರ ಹಿಂದೆ ಸೆರೆಮನೆಯಿರಲಿಲ್ಲ.

ತನ್ನದೇ ಅಭಿಪ್ರಾಯಕ್ಕೆ ಆಡಳಿತದ ಬಲ ಒದಗಿ ಬಂದಾಗ ಬೇಡವೆನ್ನುವುದು ಹೇಗೆ ಎಂಬುದನ್ನು ತಿಳಿಯಲು ನಾವು ಸುಮಾರು ಎಪ್ಪತ್ತು ಎಂಬತ್ತು ವರ್ಷ ಹಿಂದಕ್ಕೆ, ಮದೀನಕ್ಕೆ ಹೋಗಬೇಕು. ಅಬ್ಬಾಸಿಯರ ಆಳ್ವಿಕೆಯ ಆರಂಭದಲ್ಲಿ ಇಬ್ನುಲ್ ಮುಕಫ್ಫಾ ಎಂಬ ಪ್ರಸಿದ್ಧ ಲೇಖಕನು ಖಲೀಫಾ ಮನ್ಸೂರನಿಗೆ ಒಂದು ಸಲಹೆಯನ್ನಿತ್ತನು. ಒಂದೊಂದು ನಗರದಲ್ಲಿ ಒಂದೊಂದು ತೀರ್ಪು ಬರುತ್ತಿದೆ, ಖಲೀಫನೇ ಎಲ್ಲವನ್ನೂ ಪರಿಶೀಲಿಸಿ ಒಂದೇ ಸಂಹಿತೆಯನ್ನು ಇಡೀ ರಾಜ್ಯಕ್ಕೆ ವಿಧಿಸಬೇಕು ಎಂದು. ಆಡಳಿತದ ದೃಷ್ಟಿಯಿಂದ ಇದು ಅನುಕೂಲಕರವಾದ ಯೋಚನೆಯೇ. ಮುಂದೆ ಖಲೀಫನು ಇಮಾಮ್ ಮಾಲಿಕ್(ರಹ್)ರ ಬಳಿ ಅವರ ‘ಮುವತ್ತಾ’ ಗ್ರಂಥವನ್ನೇ ಎಲ್ಲೆಡೆ ಕಡ್ಡಾಯಗೊಳಿಸುವ ಇಚ್ಛೆಯನ್ನು ಪ್ರಕಟಿಸಿದನು. ಆ ಖಲೀಫನು ಮನ್ಸೂರ್ ಎಂದು ಕೆಲವು ವರದಿಗಳಲ್ಲಿಯೂ, ಹಾರೂನ್ ರಶೀದ್ ಎಂದು ಇನ್ನು ಕೆಲವುಗಳಲ್ಲಿಯೂ ಇದೆ. ಯಾವ ಗ್ರಂಥಕರ್ತನಿಗೆ ಇದಕ್ಕಿಂತ ದೊಡ್ಡ ಗೌರವ ಬೇಕು?

ಇಮಾಮ್ ಮಾಲಿಕ್(ರಹ್)ರು ಒಪ್ಪಲಿಲ್ಲ. ಪ್ರವಾದಿ(ಸ)ಯವರ ಸಂಗಾತಿಗಳು ಬೇರೆ ಬೇರೆ ನಾಡುಗಳಿಗೆ ಹೋಗಿ ನೆಲೆಸಿದರು, ತಮಗೆ ತಿಳಿದುದನ್ನು ಅಲ್ಲಿನವರಿಗೆ ಕಲಿಸಿದರು, ಪ್ರತಿಯೊಂದು ನಾಡಿನವರೂ ತಮಗೆ ತಲುಪಿದ ಜ್ಞಾನದಂತೆ ನಡೆಯುತ್ತಿದ್ದಾರೆ, ಅವರನ್ನು ಅವರ ಪಾಡಿಗೆ ಬಿಡಬೇಕು ಎಂಬ ಅರ್ಥದಲ್ಲಿ ಅವರು ಉತ್ತರಿಸಿದರು. ತಮ್ಮ ಗ್ರಂಥ ಸರಿಯೆಂಬ ನಂಬಿಕೆ ಅವರಿಗಿರಲಿಲ್ಲವೆಂದಲ್ಲ. ಅದಕ್ಕಾಗಿ ಅವರು ಜೀವಮಾನವನ್ನೇ ಸವೆಸಿದ್ದರು. ಆದರೆ ಅದನ್ನು ಜನರು ಓದಿ ಒಪ್ಪಬೇಕು, ರಾಜಾಜ್ಞೆಯಿಂದಲ್ಲ. ‘ಮುವತ್ತಾ’ ಮದೀನದಿಂದ ಸ್ಪೇನಿನವರೆಗೆ ಹರಡಿದ ಪರಿಯನ್ನು ನೋಡಿದರೆ, ವಿದ್ಯಾರ್ಥಿಗಳೇ ಅದನ್ನು ಹೊತ್ತೊಯ್ದುದು ತಿಳಿಯುತ್ತದೆ.

ಬಲಾತ್ಕಾರದ ರುಚಿ ಇಮಾಮ್ ಮಾಲಿಕ್(ರಹ್)ರಿಗೆ ತಿಳಿಯದ ವಿಷಯವಾಗಿರಲಿಲ್ಲ. ಬಲವಂತದಿಂದ ಪಡೆದ ತಲಾಖ್ ಸಿಂಧುವಲ್ಲವೆಂದು ಅವರು ಬೋಧಿಸುತ್ತಿದ್ದರು. ಕೇಳುವುದಕ್ಕೆ ಅದೊಂದು ಕೌಟುಂಬಿಕ ಕರ್ಮಶಾಸ್ತ್ರದ ವಿಷಯ. ಆದರೆ ಬಲವಂತದ ತಲಾಖ್ ಅಸಿಂಧುವಾದರೆ ಬಲವಂತದ ಬೈಅತ್ ಕೂಡಾ ಅಸಿಂಧುವಾಗಬೇಕಲ್ಲವೇ? ಮದೀನದಲ್ಲಿ ಬಂಡಾಯ ನಡೆದುಹೋಗಿದ್ದ ಆ ದಿನಗಳಲ್ಲಿ ಆಳುವವರಿಗೆ ಇದರ ಅರ್ಥ ಚೆನ್ನಾಗಿ ತಿಳಿಯಿತು. ಹಿಜರಿ 147ರ ಸುಮಾರಿಗೆ ಮದೀನದ ರಾಜ್ಯಪಾಲ ಜಅ್‌ಫರ್ ಬಿನ್ ಸುಲೈಮಾನನು ಇಮಾಮರಿಗೆ ಚಾಟಿಯೇಟು ಕೊಡಿಸಿದನು. ತಮ್ಮ ಮೇಲೆ ಪ್ರಯೋಗವಾದ ಬಲವನ್ನು ಇತರರ ಮೇಲೆ ಪ್ರಯೋಗಿಸಲು ಅವಕಾಶ ಸಿಕ್ಕಾಗ ಬೇಡವೆಂದ ಘನತೆ ಅವರದು.

ಹಾಗಾದರೆ ಆಡಳಿತದ ಎಲ್ಲೆ ಯಾವುದು? ಇಸ್ಲಾಮಿನ ಪರಂಪರೆಯು ಇದನ್ನು ಅಸ್ಪಷ್ಟವಾಗಿ ಬಿಟ್ಟಿಲ್ಲ. ಮೊದಲ ಎಲ್ಲೆ ಹೃದಯ. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂದು ಪವಿತ್ರ ಕುರ್‌ಆನ್ (2:256) ಸಾರಿದೆ. ಯುದ್ಧಭೂಮಿಯಲ್ಲಿ ಒಬ್ಬನು ಕಲಿಮಾ ಉಚ್ಚರಿಸಿದ ಮೇಲೂ ಅವನು ಭಯದಿಂದ ಹಾಗೆಂದನೆಂದು ಭಾವಿಸಿ ಕೊಂದ ಹ. ಉಸಾಮಾ(ರ)ರನ್ನು ಪ್ರವಾದಿ(ಸ)ಯವರು ತೀವ್ರವಾಗಿ ಆಕ್ಷೇಪಿಸಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ನೀನು ಅವನ ಹೃದಯವನ್ನು ಸೀಳಿ ನೋಡಿದೆಯಾ ಎಂಬುದು ಅವರ ಪ್ರಶ್ನೆಯ ತಾತ್ಪರ್ಯ. ಪ್ರವಾದಿ(ಸ)ಯವರ ಸಂಗಾತಿಗೇ ಇಲ್ಲದ ಹಕ್ಕು ಮಾಮೂನನಿಗೆ ಎಲ್ಲಿಂದ ಬಂತು?

ಎರಡನೆಯ ಎಲ್ಲೆ ಮನೆಯ ಬಾಗಿಲು. ಖಲೀಫಾ ಉಮರ್(ರ)ರ ಕುರಿತು ಇಮಾಮ್ ಗಝ್ಝಾಲಿ(ರಹ್)ಯವರು ಉಲ್ಲೇಖಿಸಿರುವ ಒಂದು ಪ್ರಸಿದ್ಧ ವರದಿಯಿದೆ. ರಾತ್ರಿ ಗಸ್ತಿನಲ್ಲಿದ್ದಾಗ ಒಂದು ಮನೆಯಿಂದ ಶಂಕಾಸ್ಪದ ಸದ್ದು ಕೇಳಿ ಅವರು ಗೋಡೆ ಏರಿ ಒಳಗಿಳಿದರು. ಒಳಗಿದ್ದವನು ಪಾಪ ಮಾಡುತ್ತಲೇ ಇದ್ದನು. ಆದರೆ ಅವನು ಉತ್ತರಿಸಿದ ರೀತಿ ಹೀಗಿತ್ತು: ನಾನು ಒಂದು ತಪ್ಪು ಮಾಡಿದ್ದರೆ ತಾವು ಮೂರು ತಪ್ಪು ಮಾಡಿದ್ದೀರಿ, ಗುಟ್ಟನ್ನು ಕೆದಕಬೇಡಿರೆಂದು ಅಲ್ಲಾಹನು ಹೇಳಿದ್ದಾನೆ, ತಾವು ಕೆದಕಿದಿರಿ, ಬಾಗಿಲಿನಿಂದ ಬನ್ನಿರೆಂದಿದ್ದಾನೆ, ಗೋಡೆಯಿಂದ ಬಂದಿರಿ, ಅನುಮತಿ ಮತ್ತು ಸಲಾಮ್ ಇಲ್ಲದೆ ಪರರ ಮನೆಯನ್ನು ಪ್ರವೇಶಿಸಬೇಡಿರೆಂದಿದ್ದಾನೆ, ತಾವು ಪ್ರವೇಶಿಸಿದಿರಿ. ಉಮರ್(ರ)ರು ತಲೆಬಾಗಿ ಹೊರಗೆ ನಡೆದರು. ಅವನು ಎತ್ತಿ ಹೇಳಿದ ಮೂರೂ ಆದೇಶಗಳು ಕುರ್‌ಆನಿನಲ್ಲಿ (49:12, 2:189, 24:27) ಇಂದಿಗೂ ನಾವು ಓದುವಂಥವೇ. ಆ ಕಾಲದ ಅತ್ಯಂತ ಬಲಿಷ್ಠ ಆಡಳಿತಗಾರನೂ ಒಬ್ಬ ಸಾಮಾನ್ಯನ ಬಾಗಿಲ ಮುಂದೆ ಕಾನೂನಿಗೆ ಅಧೀನನು ಎಂಬುದೇ ಈ ವರದಿಯ ಜೀವಾಳ.

ಕ್ರಿ.ಶ. 1058ರಲ್ಲಿ ಮರಣ ಹೊಂದಿದ ಇಮಾಮ್ ಮಾವರ್ದಿ(ರಹ್)ಯವರು ಆಡಳಿತದ ನಿಯಮಗಳ ಕುರಿತು ಬರೆದ ಗ್ರಂಥದಲ್ಲಿ ಇದನ್ನೇ ನಿಯಮವಾಗಿ ವಿವರಿಸಿದ್ದಾರೆ. ಮಾರುಕಟ್ಟೆಯ ತೂಕ ಅಳತೆಗಳನ್ನೂ ಸಾರ್ವಜನಿಕ ನಡವಳಿಕೆಯನ್ನೂ ನೋಡಿಕೊಳ್ಳುವ ಮುಹ್ತಸಿಬ್ ಎಂಬ ಅಧಿಕಾರಿಯು ಬಹಿರಂಗವಾಗಿ ಕಾಣುವ ಕೆಡುಕನ್ನು ತಡೆಯಬಹುದು. ಮರೆಯಲ್ಲಿರುವುದನ್ನು ಹುಡುಕಿ ಹೋಗುವಂತಿಲ್ಲ. ಆದರೆ ಕೊಲ್ಲುವ ಉದ್ದೇಶದಿಂದ ಒಬ್ಬನನ್ನು ಒಳಗೆ ಕರೆದೊಯ್ಯಲಾಗಿದೆ ಎಂದು ನಂಬಲರ್ಹನಾದವನು ತಿಳಿಸಿದರೆ ಕಾಯುವಂತಿಲ್ಲ. ಏಕೆಂದರೆ ಹೋದ ಜೀವ ಮರಳಿ ಬಾರದು. ಇನ್ನೊಬ್ಬನಿಗೆ ತಟ್ಟುವ, ತುಂಬಲಾಗದ ಹಾನಿಯೇ ಬಾಗಿಲು ತೆರೆಸಲು ಕಾರಣವಾಗಬಲ್ಲುದು. ಬರೀ ಕುತೂಹಲವಾಗಲಿ ಶಂಕೆಯಾಗಲಿ ಅಲ್ಲ.

ಮೂರನೆಯ ಎಲ್ಲೆ ಮನುಷ್ಯನ ಶರೀರ ಮತ್ತು ಸಂಪತ್ತು. ಇಮಾಮ್ ಅಬೂ ಹನೀಫಾ(ರಹ್)ರ ಶಿಷ್ಯರೂ ಹಾರೂನ್ ರಶೀದನ ಪ್ರಧಾನ ಖಾಝಿಯೂ ಆಗಿದ್ದ ಇಮಾಮ್ ಅಬೂ ಯೂಸುಫ್(ರಹ್)ರು ಖಲೀಫನಿಗಾಗಿಯೇ ಬರೆದ ‘ಕಿತಾಬುಲ್ ಖರಾಜ್’ ಗ್ರಂಥದಲ್ಲಿ ಇದನ್ನು ನೇರವಾಗಿ ಹೇಳಿದ್ದಾರೆ. ತೆರಿಗೆ ವಸೂಲಿಗಾಗಿ ಯಾರನ್ನೂ ಹೊಡೆಯಬಾರದು, ಬಿಸಿಲಲ್ಲಿ ನಿಲ್ಲಿಸಬಾರದು. ಸ್ಥಾಪಿತವಾದ ಹಕ್ಕಿಲ್ಲದೆ ಆಡಳಿತಗಾರನು ಯಾರ ಕೈಯಿಂದಲೂ ಏನನ್ನೂ ಕಸಿದುಕೊಳ್ಳಬಾರದು. ಬರೀ ಆರೋಪದ ಮೇಲೆ ಯಾರನ್ನೂ ಸೆರೆಯಲ್ಲಿಡಬಾರದು. ಹೊಡೆದು ಪಡೆದ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಸೆರೆಯಾಳುಗಳು ಸಂಕೋಲೆಯೊಂದಿಗೆ ಬೀದಿಯಲ್ಲಿ ಭಿಕ್ಷೆ ಬೇಡುವ ಪದ್ಧತಿಯನ್ನು ನಿಲ್ಲಿಸಿ ಅವರ ಅನ್ನ ವಸ್ತ್ರವನ್ನು ಬೊಕ್ಕಸದಿಂದ ನೀಡಬೇಕು. ಆಡಳಿತಗಾರನ ಮುಖಕ್ಕೇ ಇದನ್ನು ಹೇಳಬಲ್ಲವರು ಆಸ್ಥಾನದಲ್ಲಿದ್ದುದರಿಂದ ಆ ಕಾಲವನ್ನು ನಾವು ಗೌರವಿಸುತ್ತೇವೆ. ಈ ಮಾತುಗಳನ್ನು ಹೇಳಬೇಕಾದ ಸ್ಥಿತಿಯಿತ್ತು ಎಂಬುದನ್ನೂ ನಾವು ಮರೆಯಬಾರದು.

ಮಿಹ್ನಾದಿಂದ ಅರಮನೆಗೆ ದಕ್ಕಿದ್ದೇನು? ಏನೂ ಇಲ್ಲ. ಧರ್ಮದ ಸಿದ್ಧಾಂತವನ್ನು ನಿರ್ಧರಿಸುವವನು ಖಲೀಫನೆಂಬ ವಾದವು ಅಲ್ಲಿಗೆ ಸೋತುಹೋಯಿತು. ಆಡಳಿತದ ಬಲ ಪಡೆದ ಮುಅ್‌ತಝಿಲಾ ಪಂಥವು ಜನರ ಪ್ರೀತಿಯನ್ನು ಕಳೆದುಕೊಂಡಿತು. ಅವರ ವಿಚಾರಗಳಲ್ಲಿ ಚರ್ಚೆಗೆ ಅರ್ಹವಾಗಿದ್ದುದಕ್ಕೂ ಚಾಟಿಯ ವಾಸನೆ ಅಂಟಿಕೊಂಡಿತು. ಕ್ರಿ.ಶ. 855ರಲ್ಲಿ ಇಮಾಮ್ ಅಹ್ಮದ್(ರಹ್)ರು ನಿಧನರಾದಾಗ ಬಗ್ದಾದಿನ ಬೀದಿಗಳಲ್ಲಿ ಹಿಡಿಸಲಾರದಷ್ಟು ಜನರು ಸೇರಿದರು. ಒಂದು ವಿಚಾರವನ್ನು ನಾಶಪಡಿಸಲು ಅದನ್ನು ನಿಷೇಧಿಸುವುದಕ್ಕಿಂತಲೂ ಅದನ್ನು ಕಡ್ಡಾಯಗೊಳಿಸುವುದೇ ಸುಲಭದ ದಾರಿಯೇನೋ.

ಇಂದು ನಾವು ಖಲೀಫರ ಕಾಲದಲ್ಲಿಲ್ಲ. ನಮ್ಮ ದೇಶದ ಸಂವಿಧಾನದ 25ನೆಯ ವಿಧಿಯು, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯದಂತಹ ಪರಿಮಿತಿಗಳಿಗೆ ಒಳಪಟ್ಟು, ಎಲ್ಲ ವ್ಯಕ್ತಿಗಳಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ನೀಡಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಹೃದಯ ಮತ್ತು ಮನೆಬಾಗಿಲು ಎಂಬ ಆ ಎರಡು ಎಲ್ಲೆಗಳು ಇಲ್ಲಿ ಬೇರೆ ಮಾತುಗಳಲ್ಲಿ ಬರೆಯಲ್ಪಟ್ಟಿವೆ. ಈ ಹಕ್ಕುಗಳನ್ನು ನಾವು ನಮಗಾಗಿ ಬಯಸುತ್ತೇವೆ, ಬಯಸಲೇಬೇಕು. ಆದರೆ ನಾವು ಒಪ್ಪದ ವಿಶ್ವಾಸವುಳ್ಳ ನೆರೆಯವನಿಗಾಗಿಯೂ, ನಮ್ಮೊಳಗೇ ಬೇರೆ ಅಭಿಪ್ರಾಯವಿರುವ ಸಹೋದರನಿಗಾಗಿಯೂ ಅವುಗಳನ್ನು ಬಯಸುತ್ತೇವೆಯೇ? ನಮ್ಮ ಮೊಹಲ್ಲಾಗಳಲ್ಲಿ, ಜಮಾಅತ್‌ಗಳಲ್ಲಿ, ಮನೆಗಳಲ್ಲಿ ಸಣ್ಣಪುಟ್ಟ ಅಧಿಕಾರ ನಮ್ಮ ಕೈಗೂ ಬರುತ್ತದೆ. ಬೇರೆ ಇಮಾಮರ ಅಭಿಪ್ರಾಯದಂತೆ ನಮಾಝ್ ಮಾಡುವವನನ್ನು ಸಾಲಿನಿಂದ ಹೊರಗಿಡುವಾಗ, ಬೆಳೆದ ಮಗನ ಅಥವಾ ಮಗಳ ಪ್ರಶ್ನೆಗೆ ಆಧಾರ ಕೊಡುವ ಬದಲು ಗದರಿಸುವಾಗ, ನಾವು ಯಾರ ಪಕ್ಕದಲ್ಲಿ ನಿಂತಿದ್ದೇವೆ? ಆಧಾರ ಕೇಳಿದ ಇಮಾಮರ ಪಕ್ಕದಲ್ಲಿಯೋ, ಚಾಟಿ ಎತ್ತಿದವರ ಪಕ್ಕದಲ್ಲಿಯೋ?

ಇಮಾಮ್ ಅಹ್ಮದ್(ರಹ್)ರಿಂದ ನಾವು ಬಲದ ಮುಂದೆ ಮಣಿಯದಿರುವುದನ್ನು ಕಲಿಯಬೇಕು. ಇಮಾಮ್ ಮಾಲಿಕ್(ರಹ್)ರಿಂದ ಬಲವು ಕೈಗೆ ಬಂದಾಗ ಬೇಡವೆನ್ನುವುದನ್ನು ಕಲಿಯಬೇಕು. ಮೊದಲನೆಯ ಪಾಠವನ್ನು ನಾವು ಮಕ್ಕಳಿಗೆ ತಲೆಮಾರುಗಳಿಂದ ಹೇಳುತ್ತಾ ಬಂದಿದ್ದೇವೆ. ಎರಡನೆಯದನ್ನೂ ಅದರ ಜೊತೆಯಲ್ಲಿಯೇ ಹೇಳೋಣ.

ಅನ್ಯಾಯವನ್ನು ಸಹಿಸುವ ಸ್ಥೈರ್ಯವನ್ನೂ, ಅನ್ಯಾಯ ಮಾಡದಿರುವ ಸದ್ಬುದ್ಧಿಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.